ಹಿನ್ನೆಲೆಯನ್ನು ಕಾಣುವ ಕಣ್ಣು

(ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಛಾಯಾಗ್ರಾಹಕರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ಛಾಯಾಗ್ರಹಣದ ಕಾರ್ಯಾಗಾರವೊಂದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಬೆಳಕಿನ ಪ್ರಮಾಣ, ಷಟರಿನ ವೇಗ, ಚೌಕಟ್ಟಿನ ವಿನ್ಯಾಸ ಮುಂತಾದ ವಿಷಯಗಳ ಪಾಠವಾಗುತ್ತದೆ. ಶಿಬಿರಾರ್ಥಿಗಳು ತಂಡವಾಗಿ ಕಡಲತೀರಕ್ಕೋ ಕಾಡಿನಂಚಿಗೋ ಹೋಗಿ ಚಿತ್ರ ತೆಗೆಯುತ್ತಾರೆ. ಪ್ರಮಾಣಪತ್ರ ಕೈಸೇರುತ್ತದೆ. ಮರುದಿನ ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆರೆದರೆ ಅದೇ ಪಾಸ್‌ಪೋರ್ಟ್ ಚಿತ್ರ, ಅದೇ ಮದುವೆಯ ಆಲ್ಬಂ, ಅದೇ ನಾಮಕರಣ. ಹಾಗಾದರೆ ಶಿಬಿರದಲ್ಲಿ ಬೆಳೆದದ್ದು ಏನು? ಕಲಾವಿದನೊಬ್ಬ ಬೆಳೆಯುವುದು ಎಲ್ಲಿ? ಇಂದಿನ ಚಿಂತನೆ ಈ ಪ್ರಶ್ನೆಯ ಸುತ್ತ ಇರುತ್ತದೆ.

ಮೊದಲು ಸ್ಟುಡಿಯೋದ ಕೆಲಸದ ಬಗೆಗೆ ಇರುವ ಕೀಳರಿಮೆಯನ್ನು ಬದಿಗಿಡಬೇಕು. ಕುಂದಾಪುರದಿಂದ ಕೊಲ್ಲೂರಿನವರೆಗೆ, ಬಾರ್ಕೂರಿನಿಂದ ಶಿರೂರಿನವರೆಗೆ ಈ ನಾಡಿನ ಚಹರೆಯನ್ನು ಅತಿ ಹೆಚ್ಚು ದಾಖಲಿಸಿದವರು ಪೇಟೆಯ ಸಣ್ಣ ಸ್ಟುಡಿಯೋಗಳವರೇ. ಹಳೆಯ ಮದುವೆಯ ಆಲ್ಬಮೊಂದನ್ನು ತೆರೆದು, ವಧೂವರರ ಮೇಲಿನ ದೃಷ್ಟಿಯನ್ನು ಒಂದು ಕ್ಷಣ ಸರಿಸಿ, ಅವರ ಹಿಂದೆ ಏನಿದೆ ಎಂದು ನೋಡಿರಿ. ಮುಳಿಹುಲ್ಲಿನ ಮಾಡು ಕಾಣುತ್ತದೆ. ಅಂಗಳದಾಚೆಗೆ ಬೈಲುಗದ್ದೆ, ಗದ್ದೆಯಾಚೆಗೆ ಹಾಡಿ, ಹಾಡಿಯ ಮೂಲೆಯಲ್ಲಿ ನಾಗಬನ ಕಾಣುತ್ತವೆ. ದಿಬ್ಬಣದ ವಾಹನದ ಹಿಂದೆ ರಸ್ತೆಯ ಇಕ್ಕೆಲದ ಸಾಲುಮರಗಳಿವೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದಾಗ ಉರುಳಿದ ಅಂಥ ಮರಗಳ ನೆರಳು ಇಂದು ಆ ಚಿತ್ರಗಳ ಹಿನ್ನೆಲೆಯಲ್ಲಿ ಮಾತ್ರ ಉಳಿದಿದೆ. ಅವನ್ನು ತೆಗೆದವನಿಗೆ ಮರಗಳನ್ನು ದಾಖಲಿಸುವ ಉದ್ದೇಶವಿರಲಿಲ್ಲ. ಅವನು ತೆಗೆದದ್ದು ಮುಖಗಳನ್ನು, ಉಳಿದುಕೊಂಡದ್ದು ನಾಡು.

ಕಲಾವಿದನ ಬೆಳವಣಿಗೆ ಇಲ್ಲಿಂದಲೇ ಆರಂಭವಾಗಬಹುದು. ಅರಿಯದೆ ಚೌಕಟ್ಟಿನೊಳಗೆ ಬಂದ ಹಿನ್ನೆಲೆಯನ್ನು ಅರಿತು ನೋಡತೊಡಗುವುದೇ ಆ ಬೆಳವಣಿಗೆ.

ಇದಕ್ಕೆ ತಂತ್ರಜ್ಞಾನದ ಅರಿವು ಬೇಡವೆಂದಲ್ಲ. ಬೆಳಕನ್ನು ಅರಿಯದವನಿಗೆ ಕ್ಯಾಮೆರಾ ಒಲಿಯದು. ಆದರೆ ಪಠ್ಯಪುಸ್ತಕದ ಬೆಳಕು ಬೇರೆ, ಊರಿನ ಬೆಳಕು ಬೇರೆ. ಸಹ್ಯಾದ್ರಿಯು ಕಡಲಿಗೆ ಅತ್ಯಂತ ಸಮೀಪ ಬರುವ ಪ್ರದೇಶಗಳಲ್ಲಿ ಬೈಂದೂರಿನ ಸೀಮೆಯೂ ಒಂದು. 1343 ಮೀಟರ್ ಎತ್ತರದ ಕೊಡಚಾದ್ರಿಯ ಪಡುವಣ ಬುಡದ ಊರುಗಳಲ್ಲಿ ಬಿಸಿಲು ಘಟ್ಟವನ್ನು ದಾಟಿ ನೆಲ ಮುಟ್ಟುವುದು ತಡವಾಗಿ. ಅಷ್ಟರಲ್ಲಿ ಮುಂಜಾವದ ಎಳೆಬಣ್ಣ ಬಹುಮಟ್ಟಿಗೆ ಕಳೆದಿರುತ್ತದೆ. ಅದೇ ಊರುಗಳಿಗೆ ಸಂಜೆಯ ಬೆಳಕು ಕಡಲ ಕಡೆಯಿಂದ ಓರೆಯಾಗಿ, ದೀರ್ಘಕಾಲ ದೊರೆಯುತ್ತದೆ. ಮಳೆಗಾಲದ ಮೋಡದಡಿಯ ಬೆಳಕಿಗೆ ನೆರಳೇ ಇಲ್ಲ. ಬೇಸಿಗೆಯಲ್ಲಿ ಕಣ್ಣಿಗೆ ಒಂದೇ ಹಸಿರಾಗಿ ತೋರುವ ಕಾಡು ಆ ಬೆಳಕಿನಲ್ಲಿ ಹತ್ತಾರು ಹಸಿರುಗಳಾಗಿ ಬಿಚ್ಚಿಕೊಳ್ಳುತ್ತದೆ. ಮಳೆಯೆಂದು ಕ್ಯಾಮೆರಾವನ್ನು ಪೆಟ್ಟಿಗೆಯೊಳಗಿಡುವವನು ಈ ನಾಡಿನ ಅರ್ಧ ಮುಖವನ್ನು ಕಾಣದೆ ಹೋಗುತ್ತಾನೆ. ಪೆಟ್ಟಿಗೆಯೊಳಗೇ ಇಟ್ಟರೆ ಕರಾವಳಿಯ ತೇವಕ್ಕೆ ಮಸೂರದ ಮೇಲೆ ಬೂಷ್ಟು ಹಿಡಿಯುವುದೂ ನಿಶ್ಚಿತ. ಬಳಕೆ, ಗಾಳಿ ಮತ್ತು ತೇವ ಹೀರುವ ಸಿಲಿಕಾ ಹರಳು, ಈ ಮೂರೇ ಅದಕ್ಕೆ ರಕ್ಷಣೆ.

ಕಂಬಳವನ್ನೇ ತೆಗೆದುಕೊಳ್ಳಿರಿ. ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗದಲ್ಲಿ ತೆಗೆದರೆ ಕೆಸರಿನ ಪ್ರತಿ ಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ. ಮೂವತ್ತರಲ್ಲೊಂದು ಭಾಗಕ್ಕೆ ಇಳಿಸಿ, ಕೋಣಗಳೊಡನೆ ಕ್ಯಾಮೆರಾವನ್ನೂ ಸಮನಾಗಿ ಓಡಿಸಿದರೆ ಜನರ ಗುಂಪು ಗೆರೆಗಳಾಗಿ ಕರಗಿ ಓಟವೊಂದೇ ಉಳಿಯುತ್ತದೆ. ಇಷ್ಟನ್ನು ಕಾರ್ಯಾಗಾರ ಕಲಿಸಬಲ್ಲದು. ಆ ಎರಡರಲ್ಲಿ ಯಾವುದು ಬೇಕು, ಏಕೆ ಬೇಕು ಎಂಬುದನ್ನು ಕಲಿಸುವುದು ಕಂಬಳದ ಗದ್ದೆ. ಆ ಗದ್ದೆಯನ್ನು ಉಳುವವರಾರು, ಓಟ ಮುಗಿದ ಮೇಲೆ ಅಲ್ಲಿ ನೇಜಿ ನೆಡುವವರು ಉಳಿದಿದ್ದಾರೆಯೇ ಎಂದು ಕೇಳತೊಡಗಿದಾಗ ಚಿತ್ರಗಾರನು ಓಟದಾಚೆಗೂ ನೋಡುತ್ತಾನೆ.

ಕರ್ನಾಟಕದಲ್ಲಿ ಈ ಕಲಿಕೆಗೆ ಒಂದು ಪರಂಪರೆಯೇ ಇದೆ. ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ತಿನ ಗೌರವ ಗಳಿಸಿದ ಟಿ. ಎನ್. ಎ. ಪೆರುಮಾಳ್ (1932–2017) ಬೆಂಗಳೂರಿನಲ್ಲಿ ಒ. ಸಿ. ಎಡ್ವರ್ಡ್ಸ್ ಎಂಬ ಹಿರಿಯರ ಮಾರ್ಗದರ್ಶನದಲ್ಲಿ ಕಲಿತವರು. ಮುಂದೆ ತಾವೇ ಅನೇಕ ಕಿರಿಯರಿಗೆ ಗುರುವಾದರು. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕೂಟಗಳು ಇದೇ ಬಗೆಯ ಕಲಿಕೆಯನ್ನು ಪೋಷಿಸಿದವು. ತೆಗೆದ ಚಿತ್ರವನ್ನು ಬಲ್ಲವರ ಮುಂದಿಟ್ಟು, ತಪ್ಪನ್ನು ಕೇಳಿಸಿಕೊಂಡು, ಮರಳಿ ಅದೇ ಸ್ಥಳಕ್ಕೆ ಹೋಗುವುದು ಆ ಕಲಿಕೆಯ ಕ್ರಮ. ಸುರುಳಿಯೊಂದರಲ್ಲಿ 36 ಚಿತ್ರಗಳು ಮಾತ್ರ ಇದ್ದ ಕಾಲದಲ್ಲಿ ಪ್ರತಿಯೊಂದು ಒತ್ತುವಿಕೆಯ ಹಿಂದೆಯೂ ಕಾಯುವಿಕೆ ಇತ್ತು. ಇಂದು ಚಿತ್ರಗಳಿಗೆ ಮಿತಿಯಿಲ್ಲ. ಕಾಯುವಿಕೆಯನ್ನು ಚಿತ್ರಗಾರನೇ ತನಗೆ ತಾನು ವಿಧಿಸಿಕೊಳ್ಳಬೇಕಾಗಿದೆ.

ಮೂಡಿಗೆರೆಯ ಕಾಫಿ ತೋಟದಲ್ಲಿ ಬದುಕಿದ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಚಿತ್ರಕ್ಕಾಗಿ ದೂರದ ಅಭಯಾರಣ್ಯಗಳನ್ನು ಅರಸಲಿಲ್ಲ. ತೋಟ, ಕೆರೆ, ಬೇಲಿಗಳೇ ಅವರ ಅಧ್ಯಯನ ಕ್ಷೇತ್ರಗಳಾದವು. ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತ್ (1934–2002) ವಿಜ್ಞಾನಿಯಾಗಿದ್ದು, ಕೀಟಗಳಿಂದ ಜನಪದ ಕಲೆಗಳವರೆಗೆ ಕಂಡದ್ದನ್ನೆಲ್ಲ ಚಿತ್ರದಲ್ಲಿಯೂ ಬರಹದಲ್ಲಿಯೂ ಹಿಡಿದಿಟ್ಟರು. ಇನ್ನು ಕೋಟದ ಶಿವರಾಮ ಕಾರಂತರು (1902–1997) ಇದೇ ಮಣ್ಣಿನವರು. ಯಕ್ಷಗಾನವನ್ನು ಆಡಿಸಿದರು, ಅದರ ಇತಿಹಾಸವನ್ನು ಬರೆದರು, ಮೂಕಿಚಿತ್ರಗಳ ಕಾಲದಲ್ಲಿ ಚಲನಚಿತ್ರ ತಯಾರಿಕೆಗೂ ಕೈಹಾಕಿದರು, ಮಕ್ಕಳಿಗಾಗಿ ವಿಶ್ವಕೋಶ ರಚಿಸಿದರು. ಅದೇ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಲೋಕಸಭಾ ಚುನಾವಣೆಗೂ ನಿಂತರು. ಕಲೆ ಬೇರೆ, ನೆಲದ ಕಾಳಜಿ ಬೇರೆ ಎಂಬ ವಿಂಗಡಣೆ ಅವರ ಬದುಕಿನಲ್ಲಿ ಕಾಣದು.

ಕಾರ್ಯಾಗಾರವೊಂದು ಊರಿನವರ ಕೈಗೆ ಏನನ್ನು ಕೊಡಬಲ್ಲದು ಎಂಬುದಕ್ಕೆ ಪುತ್ತೂರಿನ ‘ಅಡಿಕೆ ಪತ್ರಿಕೆ’ ಒಂದು ನಿದರ್ಶನ. 1988ರಲ್ಲಿ ಆರಂಭವಾದ ಈ ಪತ್ರಿಕೆಯ ಧ್ಯೇಯವಾಕ್ಯ ‘ಕೃಷಿಕರ ಕೈಗೆ ಲೇಖನಿ’. ಅದು ಬರೀ ಘೋಷಣೆಯಾಗಿ ಉಳಿಯಲಿಲ್ಲ. ಬರವಣಿಗೆಯ ಶಿಬಿರಗಳ ಮೂಲಕ ರೈತರು ತಮ್ಮ ಅನುಭವವನ್ನು ತಾವೇ ಬರೆಯತೊಡಗಿದರು. ಪತ್ರಿಕೆಯನ್ನು ರೂಪಿಸಿದ ಶ್ರೀಪಡ್ರೆಯವರ ಊರು ಕಾಸರಗೋಡಿನ ಗಡಿಭಾಗದಲ್ಲಿದೆ. ಅಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಪರಿಣಾಮವನ್ನು ಮೊದಲು ಲೋಕಕ್ಕೆ ತಿಳಿಸಿದವರಲ್ಲಿ ಶ್ರೀಪಡ್ರೆಯವರೂ ಒಬ್ಬರು. ಬಳಿಕ ಮಲಯಾಳಂ ಪತ್ರಿಕಾ ಛಾಯಾಗ್ರಾಹಕ ಮಧುರಾಜ್ ಅವರ ಚಿತ್ರಗಳು ಆ ಊರುಗಳ ಮಕ್ಕಳ ಸ್ಥಿತಿಯನ್ನು ನಾಡಿನ ಕಣ್ಣೆದುರು ನಿಲ್ಲಿಸಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಚಿತ್ರವೊಂದರಿಂದಲೇ ಹಾಗಾಯಿತೆನ್ನುವುದು ಅತಿಶಯೋಕ್ತಿ. ಆದರೆ ಊರವರ ಮಾತು, ವೈದ್ಯರ ದಾಖಲೆ, ಲೇಖನ ಇವುಗಳ ಸಾಲಿನಲ್ಲಿ ಚಿತ್ರವೂ ಸಾಕ್ಷಿಯಾಗಿ ನಿಂತಿತು.

ಸಾಕ್ಷಿಯಾಗುವುದರಲ್ಲಿ ಒಂದು ಹೊಣೆಯೂ ಇದೆ. ಜಪಾನಿನ ಮಿನಮಾಟ ಎಂಬ ಮೀನುಗಾರರ ಊರಿನ ಕಡಲಿಗೆ ರಾಸಾಯನಿಕ ಕಾರ್ಖಾನೆಯೊಂದು ಪಾದರಸವುಳ್ಳ ತ್ಯಾಜ್ಯವನ್ನು ಬಿಟ್ಟಿತು. ಮೀನು ತಿಂದವರು ನರರೋಗಕ್ಕೆ ತುತ್ತಾದರು. ಗರ್ಭದಲ್ಲಿದ್ದ ಶಿಶುಗಳೂ ಉಳಿಯಲಿಲ್ಲ, ರೋಗದೊಂದಿಗೇ ಹುಟ್ಟಿದವು. ಅಮೆರಿಕದ ಛಾಯಾಗ್ರಾಹಕ ಯೂಜಿನ್ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ 1971ರಿಂದ ಸುಮಾರು ಮೂರು ವರ್ಷ ಅಲ್ಲಿಯೇ ನೆಲೆಸಿ ಚಿತ್ರ ತೆಗೆದರು. 1972ರಲ್ಲಿ ಕಾರ್ಖಾನೆಯ ಕಡೆಯವರ ಹಲ್ಲೆಯಿಂದ ಸ್ಮಿತ್ ತೀವ್ರವಾಗಿ ಗಾಯಗೊಂಡರು. ರೋಗಪೀಡಿತ ಮಗಳನ್ನು ಸ್ನಾನ ಮಾಡಿಸುತ್ತಿರುವ ತಾಯಿಯ ಚಿತ್ರ ಜಗತ್ತನ್ನೇ ಕಲಕಿತು. ಆದರೆ ಮಗಳು ತೀರಿಕೊಂಡ ಬಹುಕಾಲದ ಮೇಲೂ ಅದೇ ಚಿತ್ರ ಎಲ್ಲೆಡೆ ತೋರುತ್ತಿದ್ದುದು ತಂದೆತಾಯಿಯರನ್ನು ನೋಯಿಸಿತು. 1990ರ ದಶಕದ ಕೊನೆಯಲ್ಲಿ ಐಲೀನ್ ಆ ಚಿತ್ರದ ಮೇಲಿನ ನಿರ್ಧಾರವನ್ನು ಅವರಿಗೇ ಬಿಟ್ಟುಕೊಟ್ಟರು. ಜಗತ್ಪ್ರಸಿದ್ಧವಾದ ತಮ್ಮ ಚಿತ್ರಕ್ಕಿಂತ ಚಿತ್ರದಲ್ಲಿರುವವರ ಮಾನ ದೊಡ್ಡದು ಎಂದು ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಮೀನು ವಿಂಗಡಿಸುವ ಮಹಿಳೆಯತ್ತ ಮಸೂರ ತಿರುಗಿಸುವ ಮುನ್ನ ಆಕೆಯ ಒಪ್ಪಿಗೆ ಕೇಳಬೇಕೆಂಬ ಸರಳ ನಿಯಮಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಡ.

ಮಾತನಾಡಲಾರದ ಜೀವಿಗಳ ಒಪ್ಪಿಗೆಯನ್ನು ಕೇಳುವುದು ಹೇಗೆ? ಅವುಗಳ ನಡತೆಯೇ ಉತ್ತರ ಹೇಳುತ್ತದೆ. ತಾಯಿಹಕ್ಕಿ ಗುಟುಕು ಹಿಡಿದು ಗೂಡಿಗೆ ಬಾರದೆ ಸುತ್ತುತ್ತಿದ್ದರೆ ಚಿತ್ರಗಾರ ಹತ್ತಿರ ಬಂದನೆಂದೇ ಅರ್ಥ. ಗೂಡಿನ ಮುಂದಿನ ರೆಂಬೆ ಕಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ಮರಿಗಳು ಬಿಸಿಲಿಗೂ ಕಾಗೆಗೂ ಬಯಲಾಗುತ್ತವೆ. ಕೋಡಿ, ಮರವಂತೆಯ ಮರಳಿನಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಕಡಲ ಮೇಲಿನ ತಿಳಿಬೆಳಕನ್ನು ಗುರುತಿಸಿ ನೀರಿನತ್ತ ಸಾಗುತ್ತವೆ. ಟಾರ್ಚಿನ ಬೆಳಕು ಅವುಗಳ ದಾರಿಯನ್ನೇ ತಪ್ಪಿಸಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯದು. ಅಲ್ಲಿ ತೆಗೆಯದೆ ಬಿಟ್ಟ ಚಿತ್ರವೇ ಒಳ್ಳೆಯ ಚಿತ್ರ. ಹಾಗೆಯೇ ಕಾಡಿನೊಳಗಿನ ಸಣ್ಣ ಅಬ್ಬಿಯೊಂದರ ಚಿತ್ರವನ್ನು ದಾರಿಯ ವಿವರದೊಡನೆ ಎಲ್ಲರಿಗೂ ಹಂಚಿದರೆ, ಮುಂದಿನ ರಜೆಯೊಳಗೆ ಅಲ್ಲಿ ಬಾಟಲಿಗಳ ರಾಶಿ ಬೀಳಬಹುದು. ಹೆಸರು ಹೇಳದಿರುವುದೂ ಕೆಲವೊಮ್ಮೆ ಸಂರಕ್ಷಣೆಯೇ.

ಹಾಗಾದರೆ ಶಿಬಿರ ಮುಗಿಸಿದವನು ಮಾಡಬೇಕಾದದ್ದೇನು? ದುಬಾರಿ ಮಸೂರ ಬೇಕಿಲ್ಲ. ವಿದ್ಯಾರ್ಥಿಯ ಕೈಯಲ್ಲಿರುವ ಮೊಬೈಲೂ ಸಾಕು. ತನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಜಾಗವನ್ನು ಆರಿಸಿಕೊಳ್ಳಲಿ. ಅದು ತೋಡಾಗಿರಬಹುದು, ಮದಗವಾಗಿರಬಹುದು, ಹೊಳೆಯಂಚಿನ ಕಾಂಡ್ಲಾವನವಾಗಿರಬಹುದು, ಕೆಂಪುಕಲ್ಲಿನ ಕೋರೆಯಾಗಿರಬಹುದು, ಮಳೆಗಾಲದಲ್ಲಿ ಕಡಲ್ಕೊರೆತಕ್ಕೆ ಸಿಗುವ ದಂಡೆಯಾಗಿರಬಹುದು. ಒಂದು ಬಂಡೆಯನ್ನೋ ಮೈಲಿಗಲ್ಲನ್ನೋ ಗುರುತಾಗಿಟ್ಟುಕೊಂಡು, ಪ್ರತಿ ತಿಂಗಳೂ ಅಲ್ಲಿಯೇ ನಿಂತು, ಅದೇ ದಿಕ್ಕಿಗೆ, ಅದೇ ಹೊತ್ತಿಗೆ ಒಂದು ಚಿತ್ರ ತೆಗೆಯಲಿ. ದಿನಾಂಕವನ್ನೂ ಸ್ಥಳವನ್ನೂ ಬರೆದಿಡಲಿ. ಹಿಮನದಿಗಳು ಕರಗುವುದನ್ನು ವಿಜ್ಞಾನಿಗಳು ತೋರಿಸಿಕೊಟ್ಟದ್ದು ಇಂಥದೇ ಮರುಚಿತ್ರಣದ ಕ್ರಮದಿಂದ. ತೋಡು ಫೆಬ್ರವರಿಯಲ್ಲಿ ಬತ್ತಿತೋ ಏಪ್ರಿಲಿನಲ್ಲಿ ಬತ್ತಿತೋ ಎಂಬ ವಾದಕ್ಕೆ ಹತ್ತು ವರ್ಷಗಳ ಚಿತ್ರಗಳು ಕೊಡುವ ಉತ್ತರವನ್ನು ಗ್ರಾಮಸಭೆಯಲ್ಲಿ ತಳ್ಳಿಹಾಕುವುದು ಸುಲಭವಲ್ಲ. ಅಂಥ ಚಿತ್ರಗಳನ್ನು ತಿದ್ದಬಾರದು. ಆಕಾಶವನ್ನು ನೀಲಿಗೊಳಿಸಿದ ಸಾಕ್ಷಿ ಸಾಕ್ಷಿಯಲ್ಲ.

ಸ್ಟುಡಿಯೋದ ಹಿರಿಯರಿಗೆ ಇನ್ನೊಂದು ಕೆಲಸ ಕಾದಿದೆ. ಡಿಜಿಟಲ್ ಬಂದ ಮೇಲೆ ಅಟ್ಟ ಸೇರಿದ ನೆಗೆಟಿವ್‌ಗಳು ತೇವಕ್ಕೂ ಬೂಷ್ಟಿಗೂ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪವಾಗಿ ಅಳಿಯುತ್ತಿವೆ. ಅಂಗಡಿ ಖಾಲಿ ಮಾಡುವಾಗ ಅವು ಗುಜರಿಗೆ ಹೋದರೆ, ಒಂದೊಂದು ಊರಿನ ಒಂದೊಂದು ತಲೆಮಾರಿನ ನೆನಪು ಹೋದಂತೆ. ವಿದ್ಯಾರ್ಥಿಗಳು ಆ ಪೆಟ್ಟಿಗೆಗಳನ್ನು ತೆರೆಸಿ, ಚಿತ್ರದಲ್ಲಿರುವ ಮನೆಯವರ ಅನುಮತಿ ಪಡೆದು, ಪ್ರತಿ ಮಾಡಿ, ಊರಿನ ಹಿರಿಯರನ್ನು ಕೂರಿಸಿಕೊಂಡು ಹಿನ್ನೆಲೆಯಲ್ಲಿರುವ ಮರ, ಗದ್ದೆ, ಕಟ್ಟೆಗಳ ಹೆಸರು ಬರೆದುಕೊಳ್ಳಬಹುದು. ಆ ಹೆಸರು ಬಲ್ಲವರು ಇರುವಾಗಲೇ ಈ ಕೆಲಸ ಆಗಬೇಕು. ನೆಗೆಟಿವ್ ಉಳಿದರೂ ಹೆಸರು ಹೇಳುವವರು ಉಳಿಯದಿದ್ದರೆ ಚಿತ್ರ ಮೂಕವಾಗುತ್ತದೆ.

ಬಂಧುಗಳೇ, ಶಿಬಿರದಿಂದ ಮರಳುವವನ ಕೈಯಲ್ಲಿರುವುದು ಹಳೆಯ ಕ್ಯಾಮೆರಾವೇ. ನಾಳೆ ಅವನು ತೆಗೆಯಬೇಕಾದದ್ದೂ ಮದುವೆಯ ಚಿತ್ರವೇ. ಮುಹೂರ್ತಕ್ಕೆ ಮುನ್ನ ಅಂಗಳದ ಅಂಚಿನಲ್ಲಿ ಒಂದು ನಿಮಿಷ ನಿಂತು, ಬೈಲಿನ ಕಡೆಗೆ ತಿರುಗಿ ಒಂದೇ ಒಂದು ಚಿತ್ರ ತೆಗೆದು, ಅದರ ಕೆಳಗೆ ಊರಿನ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟರೆ ಸಾಕು. ಅದಕ್ಕೆ ಅವನಿಗೆ ಯಾರೂ ಹಣ ಕೊಡುವುದಿಲ್ಲ. ಮೂವತ್ತು ವರ್ಷಗಳ ಬಳಿಕ ಆ ಮನೆಯ ಮಕ್ಕಳು ಆಲ್ಬಮಿನಲ್ಲಿ ಮೊದಲು ಹುಡುಕುವ ಪುಟ ಅದೇ ಆಗಿರಬಹುದು.