ಸೂಕ್ಷ್ಮರಂಧ್ರಗಳ ಲೋಹ

ಮಣ್ಣಿನ ಹೂಜಿಯ ಮೈಯಲ್ಲಿ ನೀರು ಜಿನುಗುವುದನ್ನು ನೀವೆಲ್ಲ ಕಂಡಿದ್ದೀರಿ. ಲೋಹಕ್ಕೂ ಅಂಥ ರಂಧ್ರಗಳಿದ್ದರೆ ಅದು ವಿದ್ಯುತ್ತಿನ ಉತ್ಪಾದನೆಗೆ ನೆರವಾಗುತ್ತದೆ. ಜಲಜನಕ, ಆಮ್ಲಜನಕಗಳು ಕೂಡಿ ನೀರಾಗುತ್ತ ವಿದ್ಯುತ್ತನ್ನು ಕೊಡುವ ಇಂಧನಕೋಶದಲ್ಲಿ ಅನಿಲ, ದ್ರಾವಣ, ಲೋಹ ಮೂರೂ ಒಂದೆಡೆ ಸೇರಬೇಕು. ರಂಧ್ರ ದೊಡ್ಡದಾದರೆ ಅನಿಲವು ಗುಳ್ಳೆಯಾಗಿ ದ್ರಾವಣಕ್ಕೆ ನುಗ್ಗಿ ವ್ಯರ್ಥವಾಗುತ್ತದೆ. ತೀರ ಚಿಕ್ಕದಾದರೆ ದ್ರಾವಣವೇ ತುಂಬಿ ಅನಿಲಕ್ಕೆ ದಾರಿಯಿಲ್ಲದಾಗುತ್ತದೆ.

ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ ಅವರು ನಿಕ್ಕಲ್ ಫಲಕವನ್ನು ಎರಡು ಪದರಗಳಲ್ಲಿ ಮಾಡಿದರು: ಅನಿಲದ ಕಡೆ ದೊಡ್ಡ ರಂಧ್ರ, ದ್ರಾವಣದ ಕಡೆ ಚಿಕ್ಕ ರಂಧ್ರ. ಅನಿಲದ ಒತ್ತಡವು ದೊಡ್ಡ ರಂಧ್ರಗಳಿಂದ ದ್ರಾವಣವನ್ನು ಹಿಂದೂಡಿತು. ಚಿಕ್ಕವುಗಳಲ್ಲಿ ಮೇಲ್ಮೈ ಎಳೆತವು ಅದನ್ನು ಹಿಡಿದು ನಿಲ್ಲಿಸಿತು. 1959ರಲ್ಲಿ ಅವರ ಕೋಶಗಳು 5 ಕಿಲೋವಾಟ್ ಶಕ್ತಿಯನ್ನು ಕೊಟ್ಟವು. 1969ರಲ್ಲಿ ಚಂದ್ರನೆಡೆಗೆ ಹೋದ ಅಪೊಲೊ ನೌಕೆಯ ಯಾತ್ರಿಕರಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಒದಗಿಸಿದ್ದು ಇದೇ ಜಾತಿಯ ಕೋಶಗಳು.