ಎರಡು ಔಷಧಿ ಸೇರಿಸಿ ನೋಡೋದು ಅಂದ್ರೆ ಏನು?

ಶಹಾಪುರ ತಾಲೂಕಿನ ವನದುರ್ಗದಿಂದ ಮಾತಾಡ್ತಿದ್ದೀನಿ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ‘ಟ್ರಯಲ್‌ಗೆ ಸೇರ್ತೀರಾ?’ ಅಂತ ಕೇಳಿದ್ರೆ ನಮ್ಮ ಕಡೆ ಮಂದಿಗೆ ಮೊದಲು ಬರೋ ಮಾತು, ‘ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ?’ ಈ ಭಯ ಸುಳ್ಳಲ್ಲ. ಆದ್ರೆ ಟ್ರಯಲ್ ಒಳಗೆ ಏನು ನಡೆಯುತ್ತೆ ಅಂತ ತಿಳಕೊಂಡು ಹೆದರೋಣ, ಇಲ್ಲಾ ಧೈರ್ಯ ಮಾಡೋಣ.

ಮ್ಯಾಂಟಲ್ ಸೆಲ್ ಲಿಂಫೋಮಾ ಅನ್ನೋ ಅಪರೂಪದ ಕ್ಯಾನ್ಸರ್ ಇದೆ. ದುಗ್ಧಗ್ರಂಥಿಗಳು ಊದಿಕೊಳ್ತವೆ. ಚಿಕಿತ್ಸೆಗೆ ಕರಗುತ್ತೆ, ಎಷ್ಟೋ ಸಲ ತಿರುಗಿ ಬರುತ್ತೆ. ಇಬ್ರುಟಿನಿಬ್ ಅನ್ನೋ ಗುಳಿಗೆ ಈ ಕೋಶಕ್ಕೆ ಬರೋ ‘ಬೆಳಿ’ ಅನ್ನೋ ಸಂದೇಶ ತಡೆಯುತ್ತೆ. ವೆನೆಟೊಕ್ಲಾಕ್ಸ್, ಕೋಶವನ್ನ ಸಾಯದಂತೆ ಕಾಯೋ ಬಿಸಿಎಲ್-2 ಪ್ರೋಟೀನ್‌ಗೆ ಅಡ್ಡ ನಿಲ್ಲುತ್ತೆ. ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದ್ರೆ ಹೇಗೆ?

ಅದನ್ನ ಪರೀಕ್ಷಿಸಿದ್ದು ಸಿಂಪ್ಯಾಟಿಕೊ ಟ್ರಯಲ್. ಕಾಯಿಲೆ ಮರುಕಳಿಸಿದ, ಇಲ್ಲವೇ ಮೊದಲಿನ ಚಿಕಿತ್ಸೆಗೆ ಬಗ್ಗದ 267 ರೋಗಿಗಳು. ಅರ್ಧದಷ್ಟು ಜನಕ್ಕೆ ಎರಡೂ ಔಷಧಿ, ಉಳಿದವರಿಗೆ ಇಬ್ರುಟಿನಿಬ್ ಜೊತೆ ಬರೀ ಹುಸಿಗುಳಿಗೆ. ಗಮನಿಸಿ, ಯಾರನ್ನೂ ಔಷಧಿ ಇಲ್ಲದೆ ಬಿಟ್ಟಿರಲಿಲ್ಲ. ಕಾಯಿಲೆ ಮುಂದುವರಿಯದೆ ಉಳಿದ ಮಧ್ಯಂಕ ಅವಧಿ ಜೋಡಿ ಔಷಧಿಯಲ್ಲಿ 31.9 ತಿಂಗಳು, ಒಂದರಲ್ಲಿ 22.1. ಆದ್ರೆ ಒಟ್ಟು ಆಯುಷ್ಯ ಹೆಚ್ಚಿತು ಅಂತ ಮೊದಲ ವರದಿಯಲ್ಲಿ ಖಚಿತವಾಗಲಿಲ್ಲ.

ಹಂಗಂತ ಜೋಡಿಸಿದ್ದೆಲ್ಲ ಒಳ್ಳೇದಲ್ಲ. ಇಡೆಲಾಲಿಸಿಬ್, ಲೆನಾಲಿಡೊಮೈಡ್, ರಿಟುಕ್ಸಿಮ್ಯಾಬ್, ಮೂರನ್ನೂ ಸೇರಿಸಿದ ಅಮೆರಿಕದ ಟ್ರಯಲ್‌ಗಳಲ್ಲಿ ಕೆಲವೇ ರೋಗಿಗಳಲ್ಲಿ ತೀವ್ರ ಅಡ್ಡಪರಿಣಾಮ ಕಂಡಿತು. ಆ ಜೋಡಣೆಯನ್ನೇ ಕೈಬಿಟ್ಟರು. ಬೇರೆ ಬೇರೆಯಾಗಿ ಬಳಕೆಯಲ್ಲಿದ್ದ ಔಷಧಿಗಳೇ ಒಟ್ಟಿಗೆ ಸೇರಿದಾಗ ಹೀಗಾಯ್ತು. ಪರೀಕ್ಷೆ ಬೇಕಾಗೋದು ಇದಕ್ಕೇ.

ನಮ್ಮ ದೇಶದ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಪತ್ರ ನಿಮಗೆ ತಿಳಿಯೋ ಭಾಷೆಯಲ್ಲಿರಬೇಕು. ಯಾವಾಗ ಬೇಕಾದ್ರೂ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಟ್ರಯಲ್‌ನಿಂದ ತೊಂದರೆಯಾದ್ರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಟ್ರಯಲ್‌ಗೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರಲೇಬೇಕು, ಮೊಬೈಲ್‌ನಲ್ಲೇ ಹುಡುಕಬಹುದು.

ಕಲಬುರಗಿಯಲ್ಲಿ ಕಿದ್ವಾಯಿ ಕೇಂದ್ರ ಇದೆ, ದೊಡ್ಡ ಆಸ್ಪತ್ರೆ ಬೆಂಗಳೂರಲ್ಲಿ. ಎಲ್ಲಿಗೇ ಹೋಗ್ರಿ, ಸಹಿಗೆ ಮೊದಲು ನಾಲ್ಕು ಪ್ರಶ್ನೆ ಕೇಳ್ರಿ: ಸೇರದಿದ್ರೆ ಯಾವ ಚಿಕಿತ್ಸೆ? ಎಷ್ಟು ಸಲ ಬರಬೇಕು? ಬಸ್ ಖರ್ಚು ಯಾರದ್ದು? ರಾತ್ರಿ ಜ್ವರ ಬಂದ್ರೆ ಯಾರಿಗೆ ಫೋನ್ ಮಾಡಬೇಕು? ಓದು ಬಾರದ ಹಿರಿಯರ ಜೊತೆ ಹೋಗೋರು ನೀವೇ. ಆ ಕಾಗದವನ್ನ ಅವರಿಗೆ ಪೂರ್ತಿ ಓದಿ ಹೇಳ್ರಿ.