ಕುರಿಯ ಹೊಟ್ಟೆಯೊಳಗಿನ ಹೋರಾಟ

(ಕುರಿ ಸಾಕುವ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ, ಪಶುವೈದ್ಯನಲ್ಲ. ಆದರೂ ಈ ದಿನ ಕುರಿಯ ಜಂತುಹುಳುವಿನ ವಿಷಯ ಹೇಳಲು ನಿಂತಿದ್ದೇನೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, "ಕೆರೆಯ ಕೆಳಗಿನ ಹುಲ್ಲು ಸೊಂಪಾಗಿದೆ, ಮರಿಗಳನ್ನು ಅಲ್ಲೇ ಬಿಡಣ್ಣ" ಎಂದು ನನ್ನ ಅಣ್ಣನಿಗೆ ಹೇಳಿದೆ. ಊರಿನ ಕುರಿಗಳೆಲ್ಲ ಮೇಯುವ ಜಾಗವದು. ಕೆಲವು ವಾರಗಳಲ್ಲಿ ಮರಿಗಳ ಗದ್ದದ ಕೆಳಗೆ ನೀರು ತುಂಬಿದ ಊತ ಬಂತು. ಕಣ್ಣಿನ ಒಳರೆಪ್ಪೆ ಬಿಳಿಚಿತು. ಐದು ಮರಿಗಳು ಸತ್ತವು. ನಾನು ಹುಲ್ಲನ್ನು ನೋಡಿದ್ದೆ, ಹುಲ್ಲಿನ ಮೇಲಿದ್ದ ಹುಳುವನ್ನು ನೋಡಿರಲಿಲ್ಲ.

ಈ ಹುಳುವಿನ ಹೆಸರು ಹೀಮಾಂಕಸ್. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕುಡಿದರೆ, 1,000 ಹುಳುಗಳಿಗೆ 50 ಮಿ.ಲೀ. ಆಯಿತು. ಎಳೆಯ ಮರಿ ಎಷ್ಟು ದಿನ ತಾಳೀತು? ಹೆಣ್ಣು ಹುಳು ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬೆಚ್ಚಗೆ ತೇವವಿದ್ದರೆ ಸುಮಾರು ಒಂದು ವಾರದಲ್ಲಿ ಮರಿಹುಳುಗಳಾಗಿ ಹುಲ್ಲಿನ ಎಸಳು ಹತ್ತುತ್ತವೆ. ಒಂದು ಮಾತು ನೆನಪಿಡಿ: ಈ ಹುಳು ಕುರಿಯ ಹೊಟ್ಟೆಯೊಳಗೆ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಒಳಗಿರುವ ಪ್ರತಿಯೊಂದು ಹುಳುವೂ ಮೇವಿನೊಡನೆ ಬಾಯಿಯಿಂದಲೇ ಹೋದದ್ದು.

ಹಾಗಾದರೆ ಕುರಿಯ ದೇಹ ಸುಮ್ಮನಿರುತ್ತದೆಯೇ? ಇಲ್ಲ. ಕಣ್ಣಿಗೆ ಕಾಣದ ರೋಗಾಣುವನ್ನು ಬಿಳಿ ರಕ್ತಕಣ ನುಂಗಬಲ್ಲದು. ಎರಡು ಮೂರು ಸೆಂಟಿಮೀಟರ್ ಉದ್ದದ ಹುಳುವನ್ನು ನುಂಗುವುದು ಹೇಗೆ? ಅದಕ್ಕಾಗಿ ದೇಹ ಬೇರೆ ಉಪಾಯ ಹೂಡುತ್ತದೆ. ಹೊಟ್ಟೆಯ ಒಳಪದರ ಹೆಚ್ಚು ಲೋಳೆ ಸುರಿಸಿ ಹುಳು ನೆಲೆಯೂರದಂತೆ ಮಾಡುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಎಳೆಯ ಹುಳುವಿಗೆ ಮುತ್ತಿ ಅದನ್ನು ಘಾಸಿಗೊಳಿಸುತ್ತವೆ. ರಕ್ತದಲ್ಲಿ ಹುಳುವಿನ ವಿರುದ್ಧ ಪ್ರತಿಕಾಯಗಳು ಹುಟ್ಟುತ್ತವೆ. ಆದರೆ ಈ ಶಕ್ತಿ ನಿಧಾನವಾಗಿ ಬರುವಂಥದು. ಎಳೆಯ ಮರಿಗಳಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ಈಯುವ ಹೊತ್ತಿನಲ್ಲಿ ತಾಯಿಕುರಿಯಲ್ಲೂ ಕುಗ್ಗುತ್ತದೆ; ಆಗ ಅದರ ಹಿಕ್ಕೆಯಲ್ಲಿ ಮೊಟ್ಟೆ ಹೆಚ್ಚಿ, ಮರಿ ಮೇಯುವ ನೆಲವೇ ಕೆಡುತ್ತದೆ.

ವಿಜ್ಞಾನಿಗಳು ಇಲ್ಲೊಂದು ಜಾಣತನ ತೋರಿದ್ದಾರೆ. ಹುಳುವಿನ ಕರುಳಿನ ಪ್ರೋಟೀನನ್ನು ಲಸಿಕೆಯಾಗಿ ಚುಚ್ಚಿದರೆ ಕುರಿಯ ರಕ್ತದಲ್ಲಿ ಪ್ರತಿಕಾಯ ತಯಾರಾಗುತ್ತದೆ. ಹುಳು ರಕ್ತ ಹೀರಿದಾಗ ಪ್ರತಿಕಾಯವನ್ನೂ ಹೀರುತ್ತದೆ. ಅದು ಹುಳುವಿನ ಕರುಳಿಗೇ ಅಂಟಿ ಜೀರ್ಣಕ್ರಿಯೆ ಕೆಡಿಸುತ್ತದೆ. ಸ್ಕಾಟ್ಲೆಂಡಿನ ಮೊರ್ಡನ್ ಸಂಶೋಧನಾ ಸಂಸ್ಥೆಯ ದೀರ್ಘ ಶ್ರಮದ ಫಲವಾದ ಈ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದ ಕುರಿಗಾರರ ಕೈಸೇರಿತು. ಆದರೆ ಹುಳುವಿನ ಕರುಳು ಕುರಿಯ ದೇಹಕ್ಕೆ ತಾನಾಗಿ ಎದುರಾಗದು. ಆದ್ದರಿಂದ ನೆನಪು ಮಾಸದಂತೆ ಮತ್ತೆ ಮತ್ತೆ ಚುಚ್ಚಬೇಕಾಗುತ್ತದೆ.

ಲಸಿಕೆಗಾಗಿ ಕಾಯುತ್ತ ಕೂರಬೇಕಾಗಿಲ್ಲ. ನಮ್ಮ ಕೈಯಲ್ಲೇ ಇರುವ ಕೆಲಸಗಳು ಇವು:

1. ರೋಗನಿರೋಧಕ ಶಕ್ತಿಗೆ ಪ್ರೋಟೀನೇ ಬಂಡವಾಳ. ಈಯುವ ಮುಂಚೆ ಹಾಗೂ ಹಾಲೂಡಿಸುವಾಗ ತಾಯಿಕುರಿಗೆ, ಹಾಲು ಬಿಟ್ಟ ಮೇಲೆ ಮರಿಗೆ, ಕಡಲೆಕಾಯಿ ಹಿಂಡಿ, ಕುದುರೆಮಸಾಲೆ ಅಥವಾ ಚೊಗಚೆ ಸೊಪ್ಪು ಕೊಡಿರಿ. ಮರದ ಸೊಪ್ಪಿಗೆ ಹುಳು ಹತ್ತುವುದಿಲ್ಲ.

2. ಮರಿಗಳನ್ನು ಜೌಗು ನೆಲದಲ್ಲಿ, ಇಬ್ಬನಿ ಆರುವ ಮುಂಚೆ ಮೇಯಿಸಬೇಡಿರಿ. ಕಟಾವಾದ ಹೊಲದ ಕೂಳೆಗೆ ಮೊದಲು ಮರಿಗಳನ್ನು ಬಿಡಿರಿ.

3. ಎಲ್ಲ ಕುರಿಗಳಿಗೂ ಪದೇ ಪದೇ ಔಷಧಿ ಕುಡಿಸಿದರೆ, ಔಷಧಿಗೆ ಜಗ್ಗದ ಹುಳುಗಳಷ್ಟೇ ಉಳಿದು ಬೆಳೆಯುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಕ್ರಮದಂತೆ ಒಳರೆಪ್ಪೆಯ ಬಣ್ಣ ನೋಡಿರಿ. ಕೆಂಪಗಿದ್ದರೆ ಬಿಡಿರಿ, ಬಿಳಿಚಿದ್ದರೆ ತಡಮಾಡದೆ ಪಶುವೈದ್ಯರ ಸಲಹೆಯಂತೆ, ತೂಕಕ್ಕೆ ತಕ್ಕಷ್ಟು ಔಷಧಿ ಕುಡಿಸಿರಿ.

4. ಪದೇ ಪದೇ ಬಿಳಿಚುವ ಕುರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿರಿ. ತಾಳಿಕೊಳ್ಳುವ ಗುಣ ಸ್ವಲ್ಪಮಟ್ಟಿಗೆ ವಂಶದಿಂದಲೂ ಬರುತ್ತದೆ.

ಅಣ್ಣ ಈಗಲೂ ಕುರಿ ಸಾಕುತ್ತಿದ್ದಾನೆ. ಮಳೆಗಾಲದಲ್ಲಿ ಊರಿಗೆ ಹೋದಾಗ ನಾನು ಮೊದಲು ನೋಡುವುದು ಹುಲ್ಲನ್ನಲ್ಲ, ಮರಿಗಳ ಕಣ್ಣನ್ನು. ನೀವೂ ಈ ಸಂಜೆ ರೊಪ್ಪಕ್ಕೆ ಹೋದೊಡನೆ ಅದೊಂದು ಕೆಲಸ ಮಾಡಿರಿ.